ಅಲುಗಾಡದ ಗೆರೆ

ನವೆಂಬರ್ 18, ಸೋಮವಾರ. ಬೆಳಿಗ್ಗೆ 10.20ಕ್ಕೆ ಪುರಸಭೆಯ ಮುಖ್ಯಾಧಿಕಾರಿ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಊರಿನ ಮೂರು ಟ್ಯಾಂಕುಗಳ ನೀರನ್ನು ದಿನಾ ಪರೀಕ್ಷಿಸಿ ಬರೆದಿಟ್ಟ ಒಂಬತ್ತು ರಿಜಿಸ್ಟರುಗಳು ಪ್ರಯೋಗಾಲಯದಿಂದ ಕಾಣೆಯಾಗಿದ್ದವು. ನೀರಿನ ಗುಣಮಟ್ಟದ ಏರಿಳಿತವನ್ನು ಜನರಿಗೆ ಅರ್ಥವಾಗುವಂತೆ ಚಿತ್ರಿಸಲು ಪುರಸಭೆ ಹೊರಗಿನ ಸಲಹೆಗಾರರನ್ನು ನೇಮಿಸಿತ್ತು. ಅವರು ರಿಜಿಸ್ಟರುಗಳನ್ನು ಒಯ್ಯಬೇಕಿದ್ದುದು ಅದೇ ದಿನ.

"ನಲವತ್ತು ಸಾವಿರ ಜನ ಕುಡಿಯೋ ನೀರು ಮೇಡಂ. ಯಾರೋ ಏನೋ ಮುಚ್ಚಿಡ್ತಿದಾರೆ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮೊದಲು ಮನೆಗೆ ಫೋನ್ ಮಾಡಿದರು. ಆ ನಲವತ್ತು ಸಾವಿರದಲ್ಲಿ ಅವರ ಮಗಳೂ ಒಬ್ಬಳು.

"ಅತ್ತೆ, ಇವತ್ತು ನೀರು ಕುದಿಸಿಯೇ ಕುಡೀರಿ. ಪಾಪುಗೂ ಅದನ್ನೇ ಕೊಡಿ."

"ನಲ್ಲಿ ಮೇಲೂ ಕೇಸ್ ಹಾಕಿದ್ಯೇನಮ್ಮಾ?"

"ಇನ್ನೂ ಇಲ್ಲ. ವಿಚಾರಣೆ ನಡೀತಿದೆ."

11.30ಕ್ಕೆ ಪ್ರಯೋಗಾಲಯದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದುದು ಇಬ್ಬರ ಬಳಿ: ಮುಖ್ಯಾಧಿಕಾರಿ ಮತ್ತು ಇಪ್ಪತ್ತೆರಡು ವರ್ಷದಿಂದ ನೀರು ಪರೀಕ್ಷಿಸುತ್ತಿದ್ದ ಹಿರಿಯ ಸಹಾಯಕ. ಅವರನ್ನು ಎಲ್ಲರೂ ಗುಲಾಬಿ ಮೇಷ್ಟ್ರು ಎನ್ನುತ್ತಿದ್ದರು. ನೀರಿಗೆ ಪರೀಕ್ಷೆಯ ಮಾತ್ರೆ ಹಾಕಿದಾಗ ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಏರುತ್ತದೆ. ಆ ಬಣ್ಣವನ್ನು ಕಣ್ಣಳತೆಯಲ್ಲೇ ಅಂಕಿಗೆ ಇಳಿಸುವುದರಲ್ಲಿ ಅವರದು ಎತ್ತಿದ ಕೈ.

ಸಲಹಾ ಸಂಸ್ಥೆಯ ವಿಶ್ಲೇಷಕಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಮಾದರಿಗೆಂದು ಆರು ತಿಂಗಳ ಪುಟಗಳ ಫೋಟೊಗಳನ್ನು ಅವಳು ಶುಕ್ರವಾರವೇ ತೆಗೆದುಕೊಂಡಿದ್ದಳು. ಪರದೆಯ ಮೇಲೆ ಮೂರು ಗೆರೆಗಳು ಆಗಸ್ಟ್ 10ರವರೆಗೆ ಏರಿಳಿದು, ಅಲ್ಲಿಂದಾಚೆ ಸ್ಕೇಲು ಹಿಡಿದು ಎಳೆದಂತೆ ನೇರವಾಗಿದ್ದವು.

"ತೊಂಬತ್ತೇಳು ದಿನ, ಮೂರೂ ಟ್ಯಾಂಕಲ್ಲಿ ಕ್ಲೋರಿನ್ 0.5. ನೀರು ಇಷ್ಟು ಶಿಸ್ತಾಗಿರಲ್ಲ ಮೇಡಂ."

ಮೇಷ್ಟ್ರು ನೀರಿನ ಮಾದರಿ ತರಲು ಹೋಗುತ್ತಲೇ ಇರಲಿಲ್ಲವೇ? ಹೋಗುತ್ತಿದ್ದರು. ಮೂರೂ ಟ್ಯಾಂಕುಗಳ ಕಾವಲುಗಾರರು ಒಂದೇ ಮಾತು ಹೇಳಿದರು: ಬೆಳಿಗ್ಗೆ ಏಳಕ್ಕೆ ಹಾಜರು, ಒಂದು ದಿನವೂ ತಪ್ಪಿಲ್ಲ. ಹಾಗಾದರೆ ತಂದ ನೀರಿನ ನಿಜವಾದ ಅಂಕಿಯನ್ನು ಅವರು ಏಕೆ ಬರೆಯುತ್ತಿರಲಿಲ್ಲ?

ಮಧ್ಯಾಹ್ನ 2.10ಕ್ಕೆ ಇನ್‌ಸ್ಪೆಕ್ಟರ್ ಪಂಚರ ಎದುರು ಮೇಷ್ಟ್ರನ್ನು ಕಿಟಕಿಯ ಬಳಿ ಕೂರಿಸಿದರು. ಪಕ್ಕದ ಕೋಣೆಯಿಂದ ಮುಖ್ಯ ಪೇದೆ ಮಾತ್ರೆ ಹಾಕಿದ ನೀರಿನ ನಳಿಕೆಯೊಂದನ್ನು ತಂದುಕೊಟ್ಟರು.

"ಎಷ್ಟಿದೆ ಮೇಷ್ಟ್ರೇ?"

"0.5."

"ಇದು?"

ಎರಡನೆಯದನ್ನು ಅವರು ಬೆಳಕಿಗೆ ಹಿಡಿದು, ಅಕ್ಕಸಾಲಿಗ ಹರಳು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಇದೂ ಅಷ್ಟೇ."

ಮುಖ್ಯ ಪೇದೆ ಕೆಮ್ಮಿದರು. ಆ ನಳಿಕೆಯಲ್ಲಿದ್ದುದು ಅವರದೇ ಬಾಟಲಿಯ ಕುಡಿಯುವ ನೀರು, ಮಾತ್ರೆಯನ್ನೇ ಹಾಕಿರಲಿಲ್ಲ.

"ಇದಕ್ಕೆ ಬಣ್ಣವೇ ಇಲ್ಲ ಮೇಷ್ಟ್ರೇ," ಎಂದರು ಇನ್‌ಸ್ಪೆಕ್ಟರ್.

ಮೇಷ್ಟ್ರು ನಳಿಕೆಯನ್ನು ಮೆಲ್ಲಗೆ ಸ್ಟ್ಯಾಂಡಿಗೆ ಇಟ್ಟರು. "ಕ್ಷಯಕ್ಕೆ ಮಾತ್ರೆ ತಗೊಂಡೆ. ಕಾಯಿಲೆ ಹೋಯ್ತು, ಜೊತೆಗೆ ಕಣ್ಣಿಂದ ಬಣ್ಣಾನೂ ಹೋಯ್ತು. ಎಲ್ಲಾ ಬೂದಿ ಬೂದಿ."

"ರಿಜಿಸ್ಟರು?"

"ಹಳೇ ಫ್ರಿಜ್ಜಲ್ಲಿವೆ. ಸುಡೋಣ ಅಂತಿದ್ದೆ, ಕೈ ಬರಲಿಲ್ಲ. ಎಲ್ಲಾ ನನ್ನದೇ ಅಕ್ಷರ."

ಕೆಟ್ಟು ಮೂಲೆ ಸೇರಿದ್ದ ಫ್ರಿಜ್ಜಿನಿಂದ ಒಂಬತ್ತೂ ಸಿಕ್ಕವು. ದಾಖಲೆ ಕಳವು, ಸುಳ್ಳು ನಮೂದು: 3.15ಕ್ಕೆ ಬಂಧನ. ಮೂರು ಟ್ಯಾಂಕುಗಳ ಹೊಸ ಮಾದರಿಗಳನ್ನು ಮೊಹರು ಮಾಡಿ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಮಂಗಳವಾರ ಸಂಜೆ 4.40ಕ್ಕೆ ವರದಿ ಬಂತು. ಮೂರರಲ್ಲೂ ರೋಗಾಣು ಇಲ್ಲ. ಆಸ್ಪತ್ರೆಯ ಹೊರರೋಗಿಗಳ ಪುಸ್ತಕದಲ್ಲೂ ಮೂರು ತಿಂಗಳಲ್ಲಿ ವಾಂತಿಭೇದಿ ಹೆಚ್ಚಿರಲಿಲ್ಲ. ಕ್ಲೋರಿನ್ ಬೆರೆಸುವವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಇನ್‌ಸ್ಪೆಕ್ಟರ್ ಕೂಡಲೇ ಸುದ್ದಿ ತಿಳಿಸಿದರು. ಮೊದಲು ಹೇಳಿದ್ದು ಮೇಷ್ಟ್ರಿಗೆ, ಆಮೇಲೆ ಅತ್ತೆಗೆ.

ಮೇಷ್ಟ್ರು ಮುಖ ಮುಚ್ಚಿಕೊಂಡು, "ಬದುಕಿದೆ," ಎಂದರು. ಮೂರು ತಿಂಗಳಿಂದ ಯಾವ ಮಗುವಿಗೆ ಹೊಟ್ಟೆ ಕೆಟ್ಟರೂ ಜೀವ ಹೋದಂತಾಗುತ್ತಿತ್ತು ಎಂದು ಹೇಳಿಕೆಯಲ್ಲಿ ಬರೆಸಿದರು. ಬಣ್ಣದ ಬಗ್ಗೆ ವಾದ ಎದ್ದಾಗಲೆಲ್ಲ 'ಮೇಷ್ಟ್ರು ನೋಡಲಿ' ಎಂದು ಕರೆಯುತ್ತಿದ್ದವರ ಮುಂದೆ, ಕಾಣುತ್ತಿಲ್ಲ ಎನ್ನಲು ಅವರಿಗೆ ಬಾಯಿ ಬಂದಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ.

ಜಾಮೀನಿಗೆ ಬಂದಿದ್ದ ಹೆಂಡತಿ ಹೇಳಿಕೆಯನ್ನು ಕೊನೆಯವರೆಗೆ ಓದಿದರು.

"ಇಷ್ಟೇನಾ? ನನಗೆ ಹೇಳೋಕೆ ಏನಾಗಿತ್ತು ನಿಮಗೆ? ದಿನಾ ಬೆಳಿಗ್ಗೆ ಬಂದು ನಾನೇ ಬಣ್ಣ ನೋಡಿ ಹೇಳ್ತಿದ್ನಲ್ಲ."