ಹದಿನೇಳನೇ ರೂಮಿನ ಸೋಫಾ

ಮನೆಸಾಮಾನು ಇಡಲು ರೂಮು ಬಾಡಿಗೆಗೆ ಕೊಡುವ ನಮ್ಮ ಗೋಡೌನಿನಲ್ಲಿ ಗಿರಾಕಿಗಳಿಗೆ ಹೆಸರಿಲ್ಲ. ಯಾರು ಯಾವ ರೂಮಿನಲ್ಲಿ ಸಾಮಾನು ಇಟ್ಟಿದ್ದಾರೋ ಆ ನಂಬರೇ ಅವರ ಹೆಸರು. ಹಾಗಾಗಿ ನಾನು ಪ್ರೀತಿಸಿದವನನ್ನು ಕೊನೆಯವರೆಗೂ ಹದಿನೇಳು ಎಂದೇ ಕರೆದೆ.

ಹೆಂಡತಿ ಮಗಳನ್ನು ಕರೆದುಕೊಂಡು ಬಿಟ್ಟುಹೋದ ಮೇಲೆ ಅವನು ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ನಮ್ಮಲ್ಲಿ ತಂದಿಟ್ಟು, ಲಾಡ್ಜು ಸೇರಿದ್ದ. ಉಳಿದವರು ಒಂದರ ಮೇಲೊಂದು ಪೇರಿಸಿ, ಶಟರ್ ಎಳೆದು ಹೋಗುತ್ತಾರೆ. ಈ ಪುಣ್ಯಾತ್ಮ ಸೋಫಾ ಹಾಕಿ, ಎದುರಿಗೆ ಟೀಪಾಯಿ ಇಟ್ಟು, ಗೋಡೆಗೆ ಗಡಿಯಾರ ಒರಗಿಸಿ, ಭಾನುವಾರವಿಡೀ ಅಲ್ಲೇ ಕೂತು ಪೇಪರ್ ಓದುತ್ತಿದ್ದ. ಬೀಗದ ವ್ಯಾಪಾರದಲ್ಲಿದ್ದರೂ ನನ್ನ ಬಾಯಿಗೆ ಬೀಗವಿಲ್ಲ. ಇದೇನು ನಿಮ್ಮ ಮನೆಯಾ ಅಂತ ಜಗಳಕ್ಕೇ ಹೋದೆ.

"ಕಾಲೊರೆಸ್ಕೊಂಡು ಬನ್ನಿ ಮೇಡಂ, ಈಗಷ್ಟೇ ಗುಡಿಸಿದ್ದೀನಿ," ಎಂದ.

ಒರೆಸಿಕೊಂಡೇ ಒಳಗೆ ಹೋದೆ. ಯಾಕೆ ಹೋದೆನೋ ದೇವರೇ ಬಲ್ಲ.

ಆಮೇಲಿನ ಭಾನುವಾರಗಳಲ್ಲಿ ಫ್ಲಾಸ್ಕಿನ ಟೀ ನನ್ನದು, ಕಪ್ಪುಗಳು ಅವನವು. ಸೋಫಾದ ಬಲಗಡೆ ನನ್ನ ಜಾಗ. ಟೀ ಬಗ್ಗಿಸುವಾಗ ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಗಡಿಯಾರ ನೋಡುತ್ತಿದ್ದ. ಆ ಗಡಿಯಾರ ನಿಂತು ಯಾವ ಕಾಲವಾಗಿತ್ತೋ. ಹೊಸ ಮನೆ ಸಿಕ್ಕ ಮೇಲೂ ಬಲಗಡೆ ನಿಮ್ಮದೇ ಎಂದ ಒಂದು ದಿನ. ನಾನು ನಕ್ಕು ತಳ್ಳಿಹಾಕಿದೆ. ಮನಸ್ಸಿನಲ್ಲಿ ಮಾತ್ರ ಆ ಮನೆಯ ಪರದೆಯ ಬಣ್ಣ ಆರಿಸಿ ಆಗಿತ್ತು.

ಇದ್ದಕ್ಕಿದ್ದಂತೆ ಅವನು ಬರುವುದು ನಿಂತಿತು. ಬಾಡಿಗೆಯೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಗೋಡೌನಿನ ಮಾಲೀಕ ನನ್ನ ಸೋದರಮಾವ. ಇನ್ನಷ್ಟು ದಿನ ನೋಡೋಣ ಎಂದ. ಅವಸರ ಮಾಡಿ ನೋಟಿಸ್ ಕಳಿಸಿದವಳು ನಾನೇ. ಬಾಡಿಗೆ ಕಟ್ಟದೆ ಬಿಟ್ಟುಹೋದ ಸಾಮಾನನ್ನು, ನೋಟಿಸ್ ಕೊಟ್ಟು ಗಡುವು ಮುಗಿದ ಮೇಲೆ ನಾವು ಹರಾಜು ಹಾಕಬಹುದು. ಕಾನೂನು ಆ ಹಕ್ಕು ಕೊಟ್ಟಿದೆ. ನನಗೆ ಬೇಕಿದ್ದದ್ದು ಹರಾಜಲ್ಲ. ನನಗಾಗಿ ಬಾರದವನು ಸೋಫಾಗಾದರೂ ಓಡಿ ಬರುತ್ತಾನೆ ಎಂದುಕೊಂಡಿದ್ದೆ.

ಗಡುವಿನ ಕೊನೆಯ ದಿನ ಬಂದ. ಶರ್ಟಿನ ಕಾಲರ್ ಇಸ್ತ್ರಿಯಾಗಿತ್ತು. ಅವನಾಗಿ ಎಂದೂ ಕಾಲರ್ ಇಸ್ತ್ರಿ ಮಾಡಿದವನಲ್ಲ. ಬೇರೆ ಕೈ ಮಾಡಿದ್ದೆಂದು ಆಗಲೇ ತಿಳಿಯಿತು. ಹೆಂಡತಿ ವಾಪಸ್ ಕರೆದಿದ್ದಳಂತೆ. ಅಪ್ಪ ಬೇಕೆಂದು ಮಗಳು ಊಟ ಬಿಟ್ಟಿದ್ದಳಂತೆ.

ಹಾಗಾದರೆ ಸಾಮಾನು ತೆಗೆದುಕೊಂಡು ಹೋಗಿ, ಬಾಕಿ ವಿಷಯ ಮಾವನ ಹತ್ತಿರ ನಾನು ಮಾತಾಡುತ್ತೇನೆ ಎಂದೆ.

"ಬೇಡ, ಮಾರಿಬಿಡಿ. ಆ ಸೋಫಾನ ಅಲ್ಲಿಟ್ಕೊಂಡು ನಾನು ಹೇಗೆ ಕೂತ್ಕೊಳ್ಲಿ?"

"ಮೊದಲೇ ಬಂದು ಹೇಳ್ಬಹುದಿತ್ತಲ್ಲ."

"ಗೇಟಿನ ತನಕ ಬಂದಿದ್ದೆ. ನೀವು ಫ್ಲಾಸ್ಕ್ ಹಿಡ್ಕೊಂಡು ದಾರಿ ನೋಡ್ತಾ ನಿಂತಿದ್ರಿ."

ಫೋಟೋ, ಕಾಗದಪತ್ರ ನಾವು ಮಾರುವಂತಿಲ್ಲ, ವಾಪಸ್ ಕೊಡಬೇಕು. ಅವನ್ನೆಲ್ಲ ಒಂದು ಡಬ್ಬಕ್ಕೆ ತುಂಬಿಟ್ಟಿದ್ದೆ. ಅವರ ಮದುವೆಯ ಆಲ್ಬಮ್ಮಿನ ಧೂಳು ಒರೆಸಿದವಳೂ ನಾನೇ. ಡಬ್ಬ ಅವನ ಕೈಗಿಡುವಾಗ ಅಳು ತಡೆಯಲಾಗಲಿಲ್ಲ.

"ನಂಗೆ ನೀವಂದ್ರೆ ತುಂಬಾ ಇಷ್ಟ," ಎಂದೆ.

"ಗೊತ್ತು. ನಂಗೂ ಅಷ್ಟೇ. ಅದಕ್ಕೇ ಒಳಗೆ ಬರ್ಲಿಲ್ಲ."

ಅಂದು ಮೊದಲ ಸಲ ಅವನು ಗಡಿಯಾರದ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ. ಆಮೇಲೆ ಹೊರಟುಹೋದ.

ಹರಾಜಿನಲ್ಲಿ ನಾವು ಕೂಗುವಂತಿಲ್ಲ. ಮಾರುವವರೇ ಕೊಂಡರೆ ಅದು ಮೋಸ. ಕೂಗಲು ಬಂದವನು ಹಳೇ ಫರ್ನಿಚರಿನ ವ್ಯಾಪಾರಿ ಒಬ್ಬನೇ. ಅವನು ಸೋಫಾದ ಬಲಗಡೆಯೇ ಕೂತು, ಕುಲುಕಿ ನೋಡಿ, ಈ ಕಡೆ ಕುಸಿದಿದೆ ಎಂದು ರೇಟು ಇಳಿಸಿದ. ಚೌಕಾಸಿಯಲ್ಲಿ ಯಾರಿಗೂ ಬಗ್ಗದ ಮಾವ ನನ್ನ ಮುಖ ನೋಡಿ ಸುಮ್ಮನೆ ಒಪ್ಪಿಕೊಂಡ.

ರೂಮು ಗುಡಿಸಿ ಆಫೀಸಿಗೆ ಬಂದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ಯಾರಿಗೋ ಸಣ್ಣ ರೂಮು ಬೇಕಂತೆ. ಖಾಲಿ ಇದ್ದದ್ದು ಹದಿನೇಳೊಂದೇ.

"ಯಾವುದೂ ಖಾಲಿ ಇಲ್ಲ," ಎಂದೆ.

ಮಾವ ಕೇಳಿಸಿಕೊಂಡ. ಎದ್ದು ಹೋಗಿ ಹದಿನೇಳರ ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ.