ಮಾಕಬ್ಬೆಯ ಶುಂಠಿ ಗಿಟಾರು

ಬಹಳ ಬಹಳ ಹಿಂದೆ, ಮೋಡಗಳು ಮನೆಯ ಸೂರಿಗೆ ತಲೆ ತಾಗಿಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಮುಗಿಲಕೋಟೆ ಎಂಬ ರಾಜ್ಯವಿತ್ತು. ಬೇರೆ ಊರಿನವರು ಬಾವಿಯಿಂದ ನೀರು ಸೇದಿದರೆ ಅಲ್ಲಿನವರು ಮೋಡದಿಂದ ಮಿಂಚು ಸೇದುತ್ತಿದ್ದರು. ಮಾಳಿಗೆಯ ಮೇಲೆ ತಾಮ್ರದ ಕೊಡ ಇಟ್ಟರೆ ಮಳೆಗಾಲದಲ್ಲಿ ಮಿಂಚು ಅದರೊಳಗೆ ಇಳಿಯುತ್ತಿತ್ತು. ಮುಚ್ಚಳ ಹಾಕಿದರೆ ಉಪ್ಪಿನಕಾಯಿಯಂತೆ ವರ್ಷವಿಡೀ ಕೆಡದೆ ಇರುತ್ತಿತ್ತು. ಆ ಮಿಂಚಿನಲ್ಲಿ ದೀಪ ಉರಿಸುತ್ತಿದ್ದರು, ಒಲೆ ಹೊತ್ತಿಸುತ್ತಿದ್ದರು, ಮಿಕ್ಕಿದ್ದರಲ್ಲಿ ಗಿಟಾರು ನುಡಿಸುತ್ತಿದ್ದರು.

ಗಿಟಾರಿನ ತಂತಿಗಳ ಕೆಳಗೆ ತಾಮ್ರದ ಎಳೆ ಸುತ್ತಿದ ಸೂಜಿಗಲ್ಲು ಇರುತ್ತಿತ್ತು. ಕೊಡದ ಮಿಂಚನ್ನು ಅದಕ್ಕೆ ಹಾಯಿಸಿ ತಂತಿ ಮೀಟಿದರೆ ಬೆಟ್ಟದಾಚೆ ಮೇಯುವ ಹಸುವೂ ಕಿವಿ ನಿಮಿರಿಸುತ್ತಿತ್ತು. ಇಂಥ ಗಿಟಾರು ಮಾಡುವವರು ಓಜರ ಕೇರಿಯವರು. ಅವರಲ್ಲೊಬ್ಬ ಬಮ್ಮೋಜ.

ಆ ಕೇರಿಯಲ್ಲಿ ಒಂದು ಹಲಗೆಯಿತ್ತು. ಎಲ್ಲರಿಗಿಂತ ಮೊದಲಿನ ಓಜ ಬಿಟ್ಟುಹೋದದ್ದು. ಅದನ್ನು ಹಲಸಿನ ದಿಮ್ಮಿಯ ಮೇಲಿಟ್ಟು, ಅಂಚಿನ ಗುಂಟ ಗೆರೆ ಎಳೆದು, ಆ ಗೆರೆಯ ಮೇಲೆಯೇ ಕುಯ್ಯಬೇಕು. ಪ್ರತಿ ಆಯುಧಪೂಜೆಗೂ ಹಲಗೆಗೆ ದಪ್ಪಗೆ ಅರಿಶಿನ ಮೆತ್ತಿ, ಕುಂಕುಮ ಇಟ್ಟು, ಕೈಮುಗಿಯುತ್ತಿದ್ದರು. ನೀರು ಸೋಕಿಸುತ್ತಿರಲಿಲ್ಲ, ಒರೆಸುತ್ತಿರಲಿಲ್ಲ. ಹಲಗೆ ಕುಂಬಳಕಾಯಿಯಂತೆ ದುಂಡಗಿತ್ತು. ಹಾಗಾಗಿ ರಾಜ್ಯದ ಗಿಟಾರುಗಳೆಲ್ಲ ಕುಂಬಳಕಾಯಿಗಳೇ ಆಗಿದ್ದವು. ಯಾಕೆ ಎಂದು ಕೇಳುವ ತಲೆಹರಟೆ ಯಾರೂ ಹುಟ್ಟಿರಲಿಲ್ಲ.

ಹೀಗಿರುವಾಗ ಕೋಟೆಯ ಹಿಂದಿನ ಬೆಟ್ಟಕ್ಕೆ ಮಂಪರಯ್ಯ ಎಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನು ಜನರ ಎಚ್ಚರವನ್ನು ಕದಿಯುವವನು. ಅವನ ಜೋಗುಳ ಕಿವಿಗೆ ಬಿದ್ದವರು ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಅವರ ಎಚ್ಚರ ಬಿಳಿ ಅರಳೆಯಾಗಿ ಹಾರಿಹೋಗಿ ಅವನ ದಿಂಬಿನೊಳಗೆ ಸೇರುತ್ತಿತ್ತು. ದಿಂಬು ಉಬ್ಬಿದಷ್ಟೂ ಅವನ ಆಯಸ್ಸು ಬೆಳೆಯುತ್ತಿತ್ತು. ಇತ್ತ ಮಲಗಿದವರ ಉಸಿರು ದಿನದಿನಕ್ಕೆ ತೆಳ್ಳಗಾಗುತ್ತಿತ್ತು.

ಬಮ್ಮೋಜನ ಹೆಂಡತಿ ಸೋವಲೆ ಮೇಲಿನ ಬೀದಿಯ ಮದುವೆಯೊಂದರಲ್ಲಿ ಸಾರು ಬಡಿಸುತ್ತಿದ್ದಾಗ ಜೋಗುಳ ಅಲ್ಲಿಗೆ ಇಳಿಯಿತು. ಅವಳನ್ನು ಮನೆಗೆ ಹೊತ್ತು ತಂದರು. ಕೈಯಲ್ಲಿನ ಸೌಟನ್ನು ಮಾತ್ರ ಯಾರಿಂದಲೂ ಬಿಡಿಸಲಾಗಲಿಲ್ಲ. ಬಮ್ಮೋಜ ಉಳಿ ಹಿಡಿದು ಕೂತರೂ ಅವನ ಕಿವಿ ಅವಳ ಉಸಿರಿನ ಮೇಲೆಯೇ ಇರುತ್ತಿತ್ತು. ಆ ಉಸಿರು ನಿಂತುಹೋದರೆ ತಾನು ಏನಾಗಿ ಉಳಿದೇನು ಎಂದು ಯೋಚಿಸಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ.

ಜೋಗುಳವನ್ನು ಮುರಿಯಲು ಮಿಂಚುಗಿಟಾರಿನ ದನಿಗೆ ಮಾತ್ರ ಸಾಧ್ಯವಿತ್ತು. ಆಸ್ಥಾನದ ವಾದಕರು ಒಬ್ಬೊಬ್ಬರಾಗಿ ಬೆಟ್ಟ ಹತ್ತಿದರು. ಜೋಗುಳಕ್ಕೆ ಅವರ ತೋಳು ಸಡಿಲವಾಯಿತು, ದುಂಡನೆಯ ಗಿಟಾರು ಜಾರಿ ಉರುಳಿತು, ದನಿ ನಿಂತಿತು, ಅಲ್ಲಿಗೆ ಕತೆ ಮುಗಿಯಿತು. ಕೊನೆಗೆ ಅರಸನೂ ಮಲಗಿದ. ಗಿಟಾರು ಬಲ್ಲವರಲ್ಲಿ ಉಳಿದವಳು ರಾಜಕುಮಾರಿ ಮಾಕಬ್ಬೆ ಒಬ್ಬಳೇ. ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದು ಅವಳ ಬಲಗೈ ಮೊಣಕೈಯಲ್ಲಿ ಬಾಗಿಯೇ ಉಳಿದಿತ್ತು. ಕುಂಬಳಕಾಯಿಯನ್ನು ತಬ್ಬಿ ನಿಲ್ಲಲು ಆ ಕೈಗೆ ಆಗುತ್ತಿರಲಿಲ್ಲ. ಗಿಟಾರನ್ನು ಮಂಚದ ಮೇಲೆ ಮಲಗಿಸಿ ನುಡಿಸುತ್ತಿದ್ದಳು. ಆದರೂ ಅಂಥ ಬೆರಳು ರಾಜ್ಯದಲ್ಲಿ ಇನ್ನೊಬ್ಬರಿಗಿರಲಿಲ್ಲ.

ಅವಳು ಬಮ್ಮೋಜನ ಮನೆಗೆ ಬಂದಳು. "ನಿಂತು ನುಡಿಸೋ ಹಾಗೆ ನಂಗೊಂದು ಗಿಟಾರು ಮಾಡಿಕೊಡು."

"ತಾಯಿ, ಹಲಗೆ ಬಿಟ್ಟು ನಮ್ಮ ಕೇರೀಲಿ ಯಾರೂ ಗೆರೆ ಎಳೆದಿಲ್ಲ."

"ಹಲಗೆ ಪ್ರಕಾರ ಮಾಡಿದ್ದನ್ನ ಹಿಡಿದು ಹೋದೋರೆಲ್ಲ ಎಲ್ಲಿದ್ದಾರೆ?"

ಬಮ್ಮೋಜ ಸೌಟು ಹಿಡಿದು ಮಲಗಿದ್ದ ಸೋವಲೆಯನ್ನು ನೋಡಿದ. "ಮಾಡ್ತೀನಿ," ಎಂದ.

ಮಿಂಚಿನ ಗಿಟಾರಿಗೆ ಟೊಳ್ಳು ಹೊಟ್ಟೆ ಬೇಕಿಲ್ಲ, ದನಿ ಹುಟ್ಟುವುದು ತಂತಿ ಮತ್ತು ಸೂಜಿಗಲ್ಲಿನ ನಡುವೆ ಎಂದು ಅವನಿಗೆ ಗೊತ್ತಿತ್ತು. ಹಾಗಾದರೆ ಮೈ ಯಾವ ಆಕಾರದಲ್ಲಾದರೂ ಇರಬಹುದಲ್ಲ. ಅವನು ಬಿದಿಗೆಯ ಚಂದ್ರನಂಥ ಗಿಟಾರು ಮಾಡಿದ. ನೋಡಿದವರು ಕಣ್ಣು ಮಿಟುಕಿಸಲಿಲ್ಲ, ಅಷ್ಟು ಚೆಂದ.

ಬೆಟ್ಟದ ಬುಡದ ಬಾಗಿಲನ್ನು ಯಾಳಿಯೊಂದು ಕಾಯುತ್ತಿತ್ತು. ಸಿಂಹದ ಮೈ, ಆನೆಯ ಸೊಂಡಿಲು, ಮನುಷ್ಯರ ಮಾತು. ಹಿಂದೆ ಅದು ವಾದಕರನ್ನೆಲ್ಲ ಒಳಗೆ ಬಿಟ್ಟು ಆಮೇಲೆ ಮರುಗಿತ್ತು.

"ಇನ್ನು ಮೇಲೆ ಸುಮ್ಮನೆ ಬಿಡೋದಿಲ್ಲ," ಎಂದಿತು ಯಾಳಿ. "ನನ್ನ ಬೆನ್ನ ಮೇಲೆ ನಿಂತು ನುಡಿಸು, ಮಗಳೇ. ನಾನು ಮೈ ಕೊಡವ್ತೀನಿ. ಗಿಟಾರು ಜಾರದಿದ್ರೆ ದಾರಿ ನಿಂದು."

ಮಾಕಬ್ಬೆ ಹತ್ತಿದಳು. ಯಾಳಿ ಮೈ ಕೊಡವಿತು. ಚಂದ್ರನ ಮೈ ಹಗುರ, ಕತ್ತು ಭಾರ. ಗಿಟಾರು ಕತ್ತು ಬಗ್ಗಿಸಿ ನೆಲಕ್ಕೆ ಧುಮುಕಿತು. ಅಷ್ಟರಲ್ಲಿ ಜೋಗುಳ ಇನ್ನೊಂದು ಬೀದಿ ಇಳಿದಿತ್ತು.

ಬಮ್ಮೋಜ ಎರಡನೆಯ ಗಿಟಾರು ಮಾಡಿದ. ಈ ಸಲ ಸಿಡಿಲಿನ ಆಕಾರ, ಅಂಕುಡೊಂಕು ಅಂಚು, ಕತ್ತಿಗೂ ಮೈಗೂ ಸರಿತೂಕ. ಯಾಳಿ ಮೈ ಕೊಡವಿತು. ಚೂಪು ಮೂಲೆಯೊಂದು ಮಾಕಬ್ಬೆಯ ಪಕ್ಕೆಗೆ ಚುಚ್ಚಿತು. ಕೈ ತಾನಾಗಿ ಬಿಟ್ಟಿತು, ಗಿಟಾರು ಬಿತ್ತು. ಜೋಗುಳ ಮತ್ತೊಂದು ಬೀದಿ ಇಳಿದು ಓಜರ ಕೇರಿಯ ಮೂಲೆಗೆ ಬಂದು ನಿಂತಿತು.

ಕೇರಿಯ ಹಿರಿಯ ಮಾರೋಜ ಕೋಲೂರಿಕೊಂಡು ಬಂದ. "ಹಲಗೆಗೆ ಬೆನ್ನು ತೋರಿಸಿದೆ, ಅನುಭವಿಸಿದೆ. ಹೋಗು, ನಿನ್ನ ಕೈಯಾರೆ ಅದಕ್ಕೆ ಸ್ನಾನ ಮಾಡಿಸಿ ತಪ್ಪಾಯ್ತು ಅನ್ನು. ಇದುವರೆಗೆ ಯಾರೂ ಮಾಡಿದ್ದಿಲ್ಲ. ಆದ್ರೆ ನೀನು ಮಾಡಿದಂಥ ತಪ್ಪನ್ನೂ ಯಾರೂ ಮಾಡಿದ್ದಿಲ್ಲ."

ಬಮ್ಮೋಜ ಬಿಸಿನೀರು ಕಾಯಿಸಿ ಹಲಗೆಯ ಮೇಲೆ ಹುಯ್ದ. ಅರಿಶಿನ ಕರಗಿತು. ಅದರಡಿ ಕುಂಕುಮ, ಕುಂಕುಮದಡಿ ಮತ್ತೆ ಅರಿಶಿನ. ಅಜ್ಜನ ಕಾಲದ್ದು, ಮುತ್ತಜ್ಜನ ಕಾಲದ್ದು, ಹೆಸರೇ ಮರೆತವರ ಕಾಲದ್ದು. ಹೆಂಚಿನ ಚೂರಿನಂತೆ ಪದರಗಳು ಉದುರಿ ಅಂಗಳವೆಲ್ಲ ಹಳದಿಯಾಯಿತು. ಕೊನೆಗೆ ಉಳಿದ ಮರ ದುಂಡಗಿರಲೇ ಇಲ್ಲ. ಒಂದು ಕಡೆ ಉದ್ದ ಕೊಂಬು, ಇನ್ನೊಂದು ಕಡೆ ಮೊಂಡು ಕೊಂಬು. ಬೆನ್ನಿಗೆ ಬಟ್ಟಲಿನಷ್ಟು ತಗ್ಗು. ಅಂಚಿನಲ್ಲಿ ಯಾರದೋ ಮುಂಗೈ ಉಜ್ಜಿ ಉಜ್ಜಿ ಸವೆದ ಗುರುತು. ನಡುವೆ ಸೂಜಿಗಲ್ಲು ಕೂರಿಸುವ ಗುಳಿ.

ಮಾರೋಜ ಕೋಲು ಬಿಟ್ಟು ನೆಲಕ್ಕೆ ಕೂತ. ಬಹಳ ಹೊತ್ತು ಆ ಸವೆದ ಗುರುತನ್ನು ಸವರಿದ. "ಇದು ಹಲಗೆ ಅಲ್ಲ ಕಣೋ. ಗಿಟಾರು. ಯಾರೋ ಒಬ್ಬರ ಮೈಗೆ ಅಂತ ಮಾಡಿದ್ದು. ನಾವು ಅರಿಶಿನದ ಹೆಂಟೆಗೆ ಗೆರೆ ಎಳೀತಾ ಬಂದ್ವಿ." ಅವನ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಬೆರಗು. "ಎಂಥಾ ಕೈ ನೋಡು ಅವನದು."

ಬಮ್ಮೋಜ ಅದನ್ನು ಅಲ್ಲಿಗೆ ಬಂದಿದ್ದ ಮಾಕಬ್ಬೆಯ ಮೈಗೆ ಆನಿಸಿ ನೋಡಿದ. ಕೂರಲಿಲ್ಲ. ಕೂರುವುದಾದರೂ ಹೇಗೆ, ಅದು ಬೇರೆಯವರ ಮೈ. ಆಗ ಅವನಿಗೆ ಹೊಳೆಯಿತು. ಆ ಮೊದಲ ಓಜನ ಆಕಾರವನ್ನು ತೆಗೆದುಕೊಳ್ಳಬಾರದು, ಅವನು ಮಾಡಿದಂತೆ ಮಾಡಬೇಕು. ಕೆರೆಯಿಂದ ಒಂದು ಬುಟ್ಟಿ ಜೇಡಿಮಣ್ಣು ತಂದು ಕಲಸಿದ.

"ತಾಯಿ, ಇದನ್ನ ತಬ್ಬಿಕೊಳ್ಳಿ. ನಿಮಗೆ ಹೇಗೆ ಹಿತವೋ ಹಾಗೆ."

"ಸೀರೆಯೆಲ್ಲ ಮಣ್ಣಾಗುತ್ತಲ್ಲೋ," ಎಂದಳು ಮಾಕಬ್ಬೆ. ಅಂದರೂ ತಬ್ಬಿಕೊಂಡಳು.

ಮಣ್ಣಿನಲ್ಲಿ ಅವಳ ಪಕ್ಕೆ ಮೂಡಿತು, ಬಾಗಿದ ಮೊಣಕೈ ಮೂಡಿತು, ಭುಜದ ಓರೆ ಮೂಡಿತು. ಅಷ್ಟನ್ನೂ ಬಮ್ಮೋಜ ಹಲಸಿನ ಮರಕ್ಕೆ ಇಳಿಸಿದ. ಒಂದು ಕೊಂಬು ಭುಜದತ್ತ ಚಾಚಿ, ಅದಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆಯಾಯಿತು. ಇನ್ನೊಂದು ಮೊಣಕೈ ಕೆಳಗೆ ಬಾಗಿ, ಕೈಗೆ ಒರಗಲು ಮಣೆಯಾಯಿತು. ಬೆನ್ನು ಪಕ್ಕೆಗೆ ತಕ್ಕಂತೆ ತಗ್ಗಿತು. ಕತ್ತು ಬಾಗದಂತೆ ಬಾಲದಲ್ಲಿ ಸೂಜಿಗಲ್ಲಿನ ಭಾರ ಕೂತಿತು. ಮುಗಿದಾಗ ನೋಡಿದರೆ, ಹೇಳಲು ನಾಚಿಕೆಯಿಲ್ಲ, ಅದು ಥೇಟ್ ಹಸಿ ಶುಂಠಿಯ ಹಾಗಿತ್ತು.

ಕೇರಿಯವರು ನಕ್ಕರು. ಮಾಕಬ್ಬೆ ನಗಲಿಲ್ಲ. ಅದನ್ನು ತೊಟ್ಟು ಎರಡೂ ಕೈ ಬಿಟ್ಟಳು. ಗಿಟಾರು ಇದ್ದಲ್ಲೇ ಇತ್ತು. ಅವಳು ಹುಟ್ಟಿದಾಗಿನಿಂದ ಜೊತೆಗೇ ಬೆಳೆದದ್ದೇನೋ ಎಂಬಂತೆ ಕೂತಿತ್ತು. ನಗುತ್ತಿದ್ದವರು ಹತ್ತಿರ ಬಂದು ನೋಡಿದರು.

ಯಾಳಿ ಒಂದು ಸಲ ಕೊಡವಿತು, ಎರಡು ಸಲ ಕೊಡವಿತು, ಮೂರನೆಯ ಸಲ ಕುಣಿದೇ ಬಿಟ್ಟಿತು. ಗಿಟಾರು ಜಾರಲಿಲ್ಲ. "ಆಕಾರ ನೋಡಿದ್ರೆ ಅಡುಗೆಮನೆಗೆ ಸೇರಬೇಕಾದ್ದು," ಎಂದಿತು ಯಾಳಿ. "ಆದ್ರೂ ಇದನ್ನ ಮಾಡಿದ ಕೈಗೆ ನನ್ನ ನಮಸ್ಕಾರ." ಸೊಂಡಿಲೆತ್ತಿ ಬಾಗಿಲು ತೆರೆಯಿತು.

ಮಾಕಬ್ಬೆ ಮುಂದೆ, ಮಿಂಚಿನ ಕೊಡ ಹೊತ್ತ ಬಮ್ಮೋಜ ಹಿಂದೆ. ಬಮ್ಮೋಜ ಕಿವಿಗೆ ಜೇನುಮೇಣ ತುಂಬಿಕೊಂಡಿದ್ದ. ನುಡಿಸುವವಳಿಗೆ ತನ್ನ ನುಡಿ ತನಗೇ ಕೇಳಬೇಕು, ಅವಳು ತುಂಬಿಕೊಳ್ಳುವಂತಿರಲಿಲ್ಲ. ಬೆಟ್ಟದ ನೆತ್ತಿಯಲ್ಲಿ ಹುಲ್ಲಿನ ಬಣವೆಯಷ್ಟು ದೊಡ್ಡ ದಿಂಬು, ಅದರ ಮೇಲೆ ಕಾಲು ಚಾಚಿ ಕೂತ ಮಂಪರಯ್ಯ. ಅವಳ ಗಿಟಾರು ಕಂಡು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಬಾಯಿ ತೆರೆದು ಹಾಡತೊಡಗಿದ.

ಬಮ್ಮೋಜನಿಗೆ ಏನೂ ಕೇಳಿಸಲಿಲ್ಲ, ಕಂಡಿತಷ್ಟೇ. ಮಾಕಬ್ಬೆಯ ಬೆರಳು ತಂತಿಯ ಮೇಲೆ ಓಡಿತು. ಸ್ವಲ್ಪ ಹೊತ್ತಿಗೆ ನಿಧಾನವಾಯಿತು. ಅವಳ ರೆಪ್ಪೆ ಇಳಿಯಿತು, ತಲೆ ವಾಲಿತು, ತೋಳು ಸಡಿಲವಾಯಿತು. ಮುಗಿಯಿತು, ಸೋವಲೆಯೂ ಹೋದಳು ಎಂದುಕೊಂಡ ಬಮ್ಮೋಜ.

ಆದರೆ ಗಿಟಾರು ಬೀಳಲಿಲ್ಲ. ಸಡಿಲವಾದ ಮೊಣಕೈ ಕೊಂಬಿನ ಮಣೆಯ ಮೇಲೆ ಒರಗಿತ್ತು. ಬೆರಳು ತಂತಿಯ ಮೇಲೆಯೇ ಉಳಿದಿತ್ತು. ಅವಳು ಉಸಿರೆಳೆದಾಗ ಪಕ್ಕೆ ಉಬ್ಬಿತು, ಪಕ್ಕೆಯೊಡನೆ ಗಿಟಾರು ಎದ್ದಿತು, ತಂತಿ ಬೆರಳಿಗೆ ತಾಗಿತು. ಬಮ್ಮೋಜನ ತಲೆಯ ಮೇಲಿನ ಕೊಡ ಗಡಗಡ ನಡುಗಿತು. ಇನ್ನೊಂದು ಉಸಿರು, ಇನ್ನೊಂದು ನಡುಕ. ಕಾಲಡಿಯ ಬಂಡೆಯೂ ನಡುಗಿತು. ತನ್ನ ನುಡಿಗೆ ತಾನೇ ಎಚ್ಚೆತ್ತು ಮಾಕಬ್ಬೆ ಕಣ್ಣು ಬಿಟ್ಟಳು.

ಬಮ್ಮೋಜ ತಡೆಯಲಾರದೆ ಮೇಣ ಕಿತ್ತು ಬಿಸುಟ. ಅಂಥ ದನಿಯನ್ನು ಅವನು ಕೇಳಿರಲಿಲ್ಲ. ಮುಂಗಾರಿನ ಮೊದಲ ಗುಡುಗು ಅದರಲ್ಲಿತ್ತು, ಮಗುವಿನ ಕೇಕೆಯೂ ಇತ್ತು. ಇದನ್ನು ಮಾಡಿದ್ದು ನನ್ನ ಕೈಯೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಜೋಗುಳ ಚೂರುಚೂರಾಯಿತು. ದಿಂಬು ಢಬ್ಬೆಂದು ಒಡೆಯಿತು. ಬಿಳಿ ಅರಳೆ ಆಕಾಶದ ತುಂಬ ಹಾರಿ ತನ್ನ ತನ್ನ ಮನೆ ಹುಡುಕಿಕೊಂಡು ಇಳಿಯಿತು. ಕದ್ದ ಎಚ್ಚರ ಹೋದ ಮೇಲೆ ಮಂಪರಯ್ಯನಿಗೆ ತಾನು ಮಲಗದೆ ಬಿಟ್ಟ ನಿದ್ದೆಯೆಲ್ಲ ಒಟ್ಟಿಗೆ ಬಂತು. ಬಿದ್ದವನು ಇವತ್ತಿಗೂ ಎದ್ದಿಲ್ಲ. ಆ ಬೆಟ್ಟದ ಕಡೆ ಗೊರಕೆ ಕೇಳಿದರೆ ಅದು ಅವನದೇ.

ಬಮ್ಮೋಜ ಓಡಿ ಮನೆಗೆ ಬಂದ. ಸೋವಲೆ ಎದ್ದು ಕೂತು ಸೌಟನ್ನು ನೋಡುತ್ತಿದ್ದಳು. "ಆ ಸಾಲಿಗೆ ಇನ್ನೂ ಸಾರು ಬಡಿಸಿಲ್ಲ," ಎಂದಳು. ಅವನು ಬಾಗಿಲಲ್ಲೇ ನಿಂತು ಅತ್ತ.

ಅಂದಿನಿಂದ ಆಯುಧಪೂಜೆಗೆ ಆ ಹಳೆಯ ಗಿಟಾರನ್ನು ತೊಳೆದು, ಒರೆಸಿ, ಒಂದೇ ಒಂದು ಹೂವಿಡುತ್ತಾರೆ. ಅದನ್ನಿಟ್ಟು ಯಾರೂ ಗೆರೆ ಎಳೆಯುವುದಿಲ್ಲ. ಗಿಟಾರು ಬೇಕೆಂದು ಬಂದವರು ಮೊದಲು ಮಣ್ಣು ತಬ್ಬಬೇಕು. ಮುಗಿಲಕೋಟೆಯಲ್ಲಿ ಈಗ ಬದನೆಯಂಥವು, ಬಾತುಕೋಳಿಯಂಥವು, ಯಾವುದರಂತೆಯೂ ಇಲ್ಲದಂಥವು, ಎಲ್ಲ ಬಗೆಯ ಗಿಟಾರುಗಳಿವೆ. ಒಂದರಂತೆ ಒಂದಿಲ್ಲ. ಮಾಕಬ್ಬೆ ಅರಸಿಯಾಗಿ ಬಹುಕಾಲ ಆಳಿದಳು, ಊರಿಗೆ ಊರೇ ಸುಖವಾಗಿತ್ತು.

ಆದರೆ ಅದೆಲ್ಲ ಆಮೇಲಿನದು. ಆ ದಿನ ಸಂಜೆ, ಕೆರೆಯ ಮಣ್ಣು ಇನ್ನೂ ಒಣಗಿರಲಿಲ್ಲ. ಸೋವಲೆ ಕತೆಯನ್ನೆಲ್ಲ ಕೇಳಿ ಸೆರಗು ಕಟ್ಟಿ, "ನಂಗೂ ಒಂದು ಮಾಡಿಕೊಡು," ಎಂದು ಮಣ್ಣನ್ನು ಗಟ್ಟಿಯಾಗಿ ತಬ್ಬಿದಳು. ಅವಳು ಕೈ ತೆಗೆದಾಗ ಅದರಲ್ಲಿ ಅವಳ ತೋಳಿತ್ತು, ಎದೆಯಿತ್ತು, ಒಂದು ಪಕ್ಕದಲ್ಲಿ ಸೌಟಿನ ಗುರುತೂ ಇತ್ತು. ಬಮ್ಮೋಜ ಸೌಟನ್ನೂ ಬಿಡದೆ ಕೆತ್ತಿದ.