ಒಡೆದ ಕುಂಡದ ಕಾಮಕಸ್ತೂರಿ

"ಕೈ ತೆಗೀರಿ! ತೆಗೀರಿ ಅಂದೆ!"

ಟೈಲ್ಸ್ ಮ್ಯೂಸಿಯಮ್ಮಿನ ಹಜಾರವೇ ಆ ಕೂಗಿಗೆ ಬೆಚ್ಚಿತು. ಮುನ್ನೂರು ವರ್ಷದ ನೀಲಿ ಟೈಲ್ಸಿನ ಮೇಲೆ ಬೆರಳಿಟ್ಟಿದ್ದ ಗೈಡ್ ಡೆಲ್ಫಿನಾ ಸರಕ್ಕನೆ ಕೈ ಹಿಂತೆಗೆದಳು. ಹಿಂದೆ ಅವಳ ಗುಂಪಿನ ಇಪ್ಪತ್ತು ಪ್ರವಾಸಿಗರು. ಎದುರಿಗೆ ತೋಳಿಗೆಲ್ಲ ಸುಣ್ಣ ಮೆತ್ತಿಕೊಂಡ ದುವಾರ್ತೆ. ಒಡೆದ ಟೈಲ್ಸ್ ಜೋಡಿಸುವುದು ಅವನ ಕೆಲಸ.

"ಮುಟ್ಟಬೇಡಿ ಅಂತ ಹೇಳಬೇಕಾದೋರೇ ಮುಟ್ಟಿದ್ರೆ ಹೇಗೆ ಮೇಡಂ?"

'ಎಲ್ಲರೆದುರು ಮಾನ ಕಳೆದನಲ್ಲ...!' ಅವಳ ಕಿವಿ ಬಿಸಿಯಾಯಿತು. ಆದರೆ ಸುಮ್ಮನಿರುವ ಹುಡುಗಿಯಲ್ಲ ಅವಳು.

"ಬಿರುಕು ಎದ್ದು ಕಾಣ್ತಿದೆ, ಅದಕ್ಕೇ ನೋಡ್ದೆ. ಯಾರೋ ಕೆಲಸ ಬರದೋರು ಮುಚ್ಚಿದಾರೆ!"

"ಮುಚ್ಚಿದ್ದು ನಾನೇ. ಕಾಣಲಿ ಅಂತಲೇ ತುಂಬಿದ ಜಾಗಕ್ಕೆ ಒಂಚೂರು ತಿಳಿ ಬಣ್ಣ ಹಾಕ್ತೀವಿ. ಒಡೆದದ್ದನ್ನ ಒಡೆದೇ ಇಲ್ಲ ಅಂತ ತೋರ್ಸೋದು ಮೋಸ."

ಜಗಳದಿಂದ ಶುರುವಾದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಿಮಗೇನು ಹೇಳುವುದು! ಚಳಿಗಾಲ ಮುಗಿಯುವಷ್ಟರಲ್ಲಿ ಅವಳ ಗುಂಪು ಬರುವ ಹೊತ್ತಿಗೆ ಸರಿಯಾಗಿ ದುವಾರ್ತೆಗೆ ಕಾಫಿಯ ನೆನಪಾಗತೊಡಗಿತ್ತು. "ಇವತ್ತು ಏನನ್ನ ಮುಟ್ಟೋರಿದ್ದೀರಿ?" ಎಂದು ಅವನು ಕೆಣಕುವುದು, "ನಿಮ್ಮ ತಲೆ ಮೇಲಿನ ಸುಣ್ಣಾನ!" ಎಂದು ಇವಳು ತಿವಿಯುವುದು. ಅಷ್ಟೇ. ಪ್ರೀತಿಯ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲೊಲ್ಲದು.

ಜೂನ್ ಬಂತು. ನಮ್ಮ ಲಿಸ್ಬನ್ನಿನಲ್ಲಿ ಸಂತ ಆಂತೋನಿಯ ಹಬ್ಬಕ್ಕೆ ಮನಸ್ಸಿಗೆ ಹಿಡಿದವರಿಗೆ ಕಾಮಕಸ್ತೂರಿಯ ಕುಂಡ ಕೊಡಬೇಕು, ಅದರಲ್ಲಿ ನಾಲ್ಕು ಸಾಲಿನ ಪದ್ಯದ ಚೀಟಿ ಸಿಕ್ಕಿಸಿರಬೇಕು. ಆ ಗಿಡಕ್ಕೆ ಮೂಗಿಟ್ಟು ಮೂಸಿದರೆ ಬಾಡಿಹೋಗುತ್ತದಂತೆ. ಅಂಗೈಯಿಂದ ಸವರಿ, ಆಮೇಲೆ ಅಂಗೈ ಮೂಸಬೇಕು.

ಹಬ್ಬದ ಬೆಳಿಗ್ಗೆ ಮ್ಯೂಸಿಯಮ್ಮಿನ ಹೊರಗೆ, ಡೆಲ್ಫಿನಾ ದಿನಾ ಕೂರುವ ಕಟ್ಟೆಯ ಮೇಲೆ ಒಂದು ಕುಂಡವಿತ್ತು. ನದಿಯ ಗಾಳಿಗೆ ಚೀಟಿ ಹಾರಿಹೋಗಿತ್ತು! ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ ನೆಲ್ಸನ್, ತಿಂಗಳಿಂದ ಅವಳ ಬೆನ್ನುಬಿದ್ದಿದ್ದ ಆಟೋದವನು. 'ಇವನದೇ ಕೆಲಸ!' ಎಂದುಕೊಂಡವಳು ಕುಂಡ ಎತ್ತಿ ಅವನ ಕೈಗೆ ತುರುಕಿದಳು.

"ತಗೊಳ್ಳಿ, ನೀವೇ ಇಟ್ಕೊಳ್ಳಿ!"

ನೆಲ್ಸನ್ ಬಾಯಿ ಕಿವಿಯವರೆಗೆ ಅಗಲವಾಯಿತು. ಮೇಲಿನ ಕಿಟಕಿಯಲ್ಲಿ ನಿಂತಿದ್ದ ದುವಾರ್ತೆ ಮೆಲ್ಲಗೆ ಕಿಟಕಿ ಮುಚ್ಚಿಕೊಂಡ. ಅದು ಅವಳಿಗೆ ಕಾಣಲಿಲ್ಲ.

ಅಂದಿನಿಂದ ಅವನು ಕಾಫಿಗೆ ಇಳಿದು ಬರಲಿಲ್ಲ. 'ನಾನೇನು ತಪ್ಪು ಮಾಡಿದೆ?' ಡೆಲ್ಫಿನಾ ಹದಿನೈದು ದಿನ ಒಳಗೊಳಗೇ ಬೆಂದಳು.

ಕೊನೆಗೊಂದು ಸಂಜೆ ಐದಕ್ಕೆ ಅವಳು ಗುಂಪಿನೊಡನೆ ಗುಡ್ಡದ ಮೇಲಿನ ಕೋಟೆಯಿಂದ ಹೊರಬಂದಾಗ ಬಾಗಿಲಲ್ಲೇ ನೆಲ್ಸನ್ ಅಡ್ಡ ಬಂದ. ಅವನ ಆಟೋದ ಮುಂದುಗಡೆ ಅದೇ ಕುಂಡ.

"ಏನಮ್ಮಾ, ಕೊಟ್ಟಿದ್ದು ಕೊಟ್ಟೆ, ಒಡೆದ ಕುಂಡಾನಾ ಕೊಡೋದು?"

"ನಾನೆಲ್ಲಿ ಕೊಟ್ಟೆ? ನೀವು ಇಟ್ಟಿದ್ದನ್ನ ವಾಪಸ್ ಕೊಟ್ಟೆ!"

"ನಾನಾ? ಸಂತ ಆಂತೋನಿ ಆಣೆ, ನಾನು ಇಟ್ಟಿದ್ರೆ ಹೊಸ ಕುಂಡಾನೇ ಇಡ್ತಿದ್ದೆ!"

ಡೆಲ್ಫಿನಾ ಬಗ್ಗಿ ನೋಡಿದಳು. ಕುಂಡದ ಅಂಚಿನಿಂದ ತಳದವರೆಗೆ ಒಂದು ಬಿರುಕು. ನೀಟಾಗಿ ತುಂಬಿ, ಒಂಚೂರು ತಿಳಿ ಬಣ್ಣ ಹಚ್ಚಿತ್ತು...

'ಅಯ್ಯೋ ದೇವರೇ! ಇದು ದುವಾರ್ತೆಯ ಕೈ!'

"ಆ ಟೈಲ್ಸ್ ಡಾಕ್ಟರನ್ನ ಈಗಷ್ಟೇ ಸ್ಟೇಷನ್ನಿಗೆ ಬಿಟ್ಟುಬಂದೆ," ನೆಲ್ಸನ್ ಹೇಳುತ್ತಲೇ ಇದ್ದ. "ಐದೂವರೆ ರೈಲಿಗೆ ಪೋರ್ಟೊ. ಇನ್ನು ಅಲ್ಲೇ ಕೆಲಸವಂತೆ. ದಾರಿಯುದ್ದಕ್ಕೂ ಈ ಗಿಡಾನೇ ನೋಡ್ತಿದ್ದ. ಇಳಿಯುವಾಗ 'ಮೂಗಿಡಬೇಡಪ್ಪ, ನೀರು ಹಾಕು' ಅಂದ, ಪಾಪ..." ಅವನು ಕುಂಡವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. "ಓ! ಅವನದಾ?"

ಗಡಿಯಾರ ಐದೂ ಐದು.

ಅವಳು ಹಿಂತಿರುಗಿ ನೋಡಿದಳು. ಇಪ್ಪತ್ತು ಮುಖಗಳು. ಇನ್ನೂ ದೊಡ್ಡ ಚರ್ಚು, ಸೇನಾ ಮ್ಯೂಸಿಯಂ ಬಾಕಿ. ಗುಂಪನ್ನು ನಡುದಾರಿಯಲ್ಲಿ ಬಿಟ್ಟ ಗೈಡಿಗೆ ಕೆಲಸ ಉಳಿಯುವುದಿಲ್ಲ. ಬಿಡದಿದ್ದರೆ... ಅವನು ಉಳಿಯುವುದಿಲ್ಲ.

ಸೇನಾ ಮ್ಯೂಸಿಯಂ ಇರುವುದು ಸ್ಟೇಷನ್ನಿನ ಎದುರಿಗೇ!

"ಕಾರ್ಯಕ್ರಮ ಬದಲು!" ಅವಳು ಗುಂಪಿಗೆ ಗುರುತಾದ ಕೆಂಪು ಕೊಡೆ ಎತ್ತಿದಳು. "ಮೊದಲು ಸೇನಾ ಮ್ಯೂಸಿಯಂ. ಸ್ವಲ್ಪ ಜೋರಾಗಿ ನಡೀರಿ!"

"ಮಂಡಿ ನೋವಮ್ಮಾ..." ಬೆಲ್ಜಿಯಮ್ಮಿನ ಅಜ್ಜಿಯೊಬ್ಬಳು ರಾಗ ಎಳೆದಳು.

"ಅಜ್ಜಿ, ಹತ್ತಿ ಆಟೋ!" ಎಂದ ನೆಲ್ಸನ್, ಡೆಲ್ಫಿನಾಗೆ ಕುಂಡ ಕೊಟ್ಟ. "ಓಡು ಹೋಗು. ನನ್ನ ಹಣೇಲಿ ಬರೆದಿಲ್ಲ ಬಿಡು."

ಗುಡ್ಡದ ಇಳಿಜಾರಿನ ಹಳೇ ಕೇರಿ ಅಲ್ಫಾಮಾದ ಮೆಟ್ಟಿಲುಗಳು ಅವತ್ತು ಮುಗಿಯಲೇ ಇಲ್ಲ! ಒಣಗಲು ಹಾಕಿದ ಬಟ್ಟೆಗಳ ಕೆಳಗೆ ಕೆಂಪು ಕೊಡೆ, ಅದರ ಹಿಂದೆ ಏದುಸಿರು ಬಿಡುವ ಹತ್ತೊಂಬತ್ತು ಜನ. "ಇದು ಯಾವ ಕಾಲದ ಬೀದಿ?" ಎಂದೊಬ್ಬ ಕೇಳಿದ. "ಹಳೇದು! ತುಂಬಾ ಹಳೇದು!" ಎಂದು ಕೂಗಿ ಓಡಿದಳು ಡೆಲ್ಫಿನಾ. ಐದೂ ಇಪ್ಪತ್ತು. ಐದೂ ಇಪ್ಪತ್ತಾರು. 'ಸಂತ ಆಂತೋನಿ, ಕಳೆದದ್ದನ್ನ ಹುಡುಕಿಕೊಡೋನು ನೀನು... ಇದೊಂದು ಹುಡುಕಿಕೊಡು!'

ಸೇನಾ ಮ್ಯೂಸಿಯಮ್ಮಿನ ಬಾಗಿಲಲ್ಲಿ ಆಗಲೇ ಇಳಿದಿದ್ದ ಅಜ್ಜಿಯ ಕೈಗೆ ಕೊಡೆ, ಟಿಕೆಟ್ಟು ಕೊಟ್ಟಳು. "ಅಜ್ಜಿ, ಎಲ್ಲರನ್ನೂ ಒಳಗೆ ಕರ್ಕೊಂಡ್ಹೋಗಿ. ಐದೇ ನಿಮಿಷ!"

"ಅವನನ್ನ ಹಿಡ್ಕೊಂಡೇ ಬಾ," ಎಂದಳು ಅಜ್ಜಿ. ಎಲ್ಲ ಕೇಳಿಸಿಕೊಂಡಿದ್ದಳು ಕಿಲಾಡಿ!

ಪ್ಲಾಟ್‌ಫಾರ್ಮಿನಲ್ಲಿ ಸೀಟಿ ಊದಿಯಾಗಿತ್ತು.

"ದುವಾರ್ತೆ!"

ಪೆಟ್ಟಿಗೆ ಒಳಗಿಟ್ಟು ಬಾಗಿಲಲ್ಲಿ ನಿಂತಿದ್ದವನು ತಿರುಗಿದ. ಎದುರಿಗೆ ಅವಳು: ಕೆದರಿದ ಕೂದಲು, ಎದೆಗವಚಿಕೊಂಡ ಕುಂಡ.

"ಅದು ನೆಲ್ಸನ್ನಿಗೆ ಕೊಟ್ಟಿದ್ದಲ್ವಾ?" ಅವನ ದನಿ ಒರಟಾಗಿತ್ತು.

"ಅವರೇ ಇಟ್ಟಿದ್ದು ಅಂದ್ಕೊಂಡೆ! ಚೀಟಿ ಇರ್ಲಿಲ್ಲ... ಬಿರುಕು ಇವತ್ತು ನೋಡ್ದೆ. ಒಡೆದ ಕುಂಡ ಯಾಕಿಟ್ರಿ?"

"ತರೋವಾಗ ಕೈ ನಡುಗ್ತು. ಬಿದ್ದುಹೋಯ್ತು." ಅವನು ತಲೆ ತಗ್ಗಿಸಿದ. "ಹೊಸದು ತರಬಹುದಿತ್ತು. ನಡುಗಿದ್ದು ನಿಮಗೆ ಗೊತ್ತಾಗ್ಲಿ ಅನ್ನಿಸ್ತು."

ಅವಳ ಕಣ್ಣು ತುಂಬಿತು. "ಹೋಗ್ಬೇಡಿ. ನಿಮ್ಮನ್ನ ಪ್ರೀತಿಸ್ತೀನಿ ದುವಾರ್ತೆ. ಚಳಿಗಾಲದಿಂದ!"

ಬಾಗಿಲು ಮುಚ್ಚತೊಡಗಿತು. ಅವನು ಜಿಗಿದ. ರೈಲು ಹೊರಟಿತು.

"ಅಯ್ಯೋ, ನಿಮ್ಮ ಪೆಟ್ಟಿಗೆ!"

"ಹೋಗ್ಲಿ ಬಿಡು, ಪೋರ್ಟೊ ನೋಡ್ಕೊಂಡು ಬರ್ಲಿ. ನಾಳೆ ಅಲ್ಲಿಗೆ ಫೋನ್ ಮಾಡಿ ಬರಲ್ಲ ಅಂತೀನಿ."

ಮೊದಲ ಸಲ ಅವನ ಬಾಯಲ್ಲಿ 'ಬಿಡಿ' ಹೋಗಿ 'ಬಿಡು' ಬಂದಿತ್ತು. ಇಬ್ಬರಿಗೂ ಅದು ತಿಳಿಯಿತು.

"ಚೀಟೀಲಿ ಏನು ಬರೆದಿದ್ದೆ?" ಅವಳು ಪಿಸುಗುಟ್ಟಿದಳು.

ಅವನು ಕಿವಿಯವರೆಗೆ ಕೆಂಪಾದ.

"ಮುಟ್ಟಬೇಡ ಎಂದು ಕೂಗಿದೆ ಅಂದು,
ಮುಟ್ಟಿದ್ದು ಗೋಡೆಯನಲ್ಲ, ನನ್ನ;
ಬಿರುಕು ಬಿಟ್ಟಿದೆ ಎದೆ ಅಂದಿನಿಂದ,
ತುಂಬಲು ಬೇಕು ನಿನ್ನದೇ ಬಣ್ಣ."

ಹೇಳಿ ಮುಗಿಸಿದವನು ಗಿಡವನ್ನು ಅಂಗೈಯಿಂದ ಮೆಲ್ಲಗೆ ಸವರಿ, ಆ ಅಂಗೈಯನ್ನು ಅವಳ ಮುಂದೆ ಚಾಚಿದ.

"ಮುಟ್ಟಬಹುದಾ? ಆಮೇಲೆ ಕೂಗಬಾರದು..." ಅಳುತ್ತಲೇ ನಕ್ಕಳು ಡೆಲ್ಫಿನಾ.

"ಗಿಡಕ್ಕೆ ಮಾತ್ರ ಮೂಗಿಡಬೇಡ," ಎಂದ ದುವಾರ್ತೆ. "ಈ ಕೈ ನಿಂದೇ."